ದಡ ಬರೆಯುವ ದಿನ

ನನಗೆ ಆರು ವರ್ಷವಾಗಿದ್ದಾಗ ನಮ್ಮೂರಿನ ಬೆಳಕು ಜೇನಿನ ಬಣ್ಣದ್ದಾಗಿತ್ತು. ಒಂದು ವರ್ಷ ಪೂರ್ತಿ ಹಾಗೇ ಇತ್ತು. ಬೆಳಿಗ್ಗೆ ಅಂಗಳಕ್ಕೆ ಬೀಳುವಾಗ ತೆಳ್ಳಗಿರುತ್ತಿದ್ದದ್ದು ಮಧ್ಯಾಹ್ನ ಕಳೆದಂತೆ ಗಟ್ಟಿಯಾಗುತ್ತ, ಸಂಜೆಯ ಹೊತ್ತಿಗೆ ತೆಂಗಿನ ಗರಿಯಿಂದ ಗರಿಗೆ ಇಳಿಯಲು ಸೋಮಾರಿತನ ಮಾಡುತ್ತಿತ್ತು. ಆ ವರ್ಷದ ನೆರಳುಗಳಿಗೆ ನೇರಳೆ ಹಣ್ಣು ತಿಂದ ನಾಲಿಗೆಯ ಬಣ್ಣ. ನನ್ನ ನೆರಳನ್ನು ನೋಡಿ ನಾನೇ ನಾಲಿಗೆ ಚಾಚುತ್ತಿದ್ದೆ. ದಿನಾ ಸಂಜೆ ಅಜ್ಜಿ ನನ್ನ ಕೈ ಹಿಡಿದು ದಡಕ್ಕೆ ಕರೆದುಕೊಂಡು ಹೋಗಿ, ಮರಳಿನ ಮೇಲೆ ಕಾಲು ಚಾಚಿ ಕೂತು, ಕಡಲ ಕಡೆ ಮುಖ ಮಾಡಿ ಕತೆ ಹೇಳುತ್ತಿದ್ದಳು. ನನ್ನ ಮುಖ ನೋಡಿ ಹೇಳಿದ್ದು ನೆನಪಿಲ್ಲ. ಕತೆ ಮುಗಿಯುವುದಕ್ಕೂ ಹೊತ್ತು ಮುಳುಗುವುದಕ್ಕೂ ಸರಿಹೋಗುತ್ತಿತ್ತು. ಆಮೇಲೆ ಎಷ್ಟೋ ವರ್ಷಗಳ ಬೆಳಕು ಕಂಡಿದ್ದೇನೆ. ಆದರೂ ಯಾರಾದರೂ ಬೆಳಕು ಎಂದರೆ ಇವತ್ತಿಗೂ ನನ್ನ ಕಣ್ಣಿಗೆ ಬರುವುದು ಅದೊಂದೇ.

ಆ ಬೆಳಕು ಅಜ್ಜಿಯ ಕೈಕೆಲಸ. ಊರಿನ ನಡುದಡವನ್ನು ನಲವತ್ತು ವರ್ಷ ಬರೆದವಳು ಅವಳು, ನಮ್ಮ ಶೇವಂತಜ್ಜಿ. ಮಳೆಗಾಲದಲ್ಲಿ ನಮ್ಮ ದಡ ಹಸಿಯಾಗುತ್ತದೆ. ಬಂಡೆಗಳು ಜಾಗ ಬದಲಿಸುತ್ತವೆ. ಹೊಳೆಬಾಯಿ ಬಡಗಕ್ಕೆ ಹೋಗಲೋ ತೆಂಕಕ್ಕೆ ಬರಲೋ ಎಂದು ಅನುಮಾನಿಸುತ್ತ ನಿಲ್ಲುತ್ತದೆ. ನಿನ್ನೆ ಹತ್ತು ಮಾರು ಇದ್ದ ಮರಳು ಇವತ್ತು ಮೂರು ಮಾರಿಗೆ ಇಳಿಯುತ್ತದೆ. ಅದಕ್ಕೇ ನಮ್ಮೂರಿಗೆ ನಕ್ಷೆ ಮಾಡಲು ಬಂದವರೆಲ್ಲ ಚಹಾ ಕುಡಿದು ವಾಪಸು ಹೋಗಿದ್ದಾರೆ. ಮಳೆ ನಿಂತು, ಬೆಳಗಿನಿಂದ ಬೈಗಿನವರೆಗೆ ಬಿಸಿಲು ಕಾಯುವ ಮೊದಲನೆಯ ದಿನ ದಡ ಬರೆಯುವವರು ಕ್ಯಾನ್ವಾಸು ತೆಗೆದುಕೊಂಡು ಕೂರುತ್ತಾರೆ. ಅವರು ಬರೆಯುತ್ತ ಹೋದಂತೆ ದಡ ಒಪ್ಪಿಕೊಳ್ಳುತ್ತ ಬರುತ್ತದೆ. ಹೊತ್ತು ಮುಳುಗುವವರೆಗೆ ಒರೆಸಬಹುದು, ತಿದ್ದಬಹುದು. ಮುಳುಗಿದ ಮೇಲೆ ಚಿತ್ರದಲ್ಲಿ ಯಾವುದು ಎಲ್ಲಿದೆಯೋ ಮುಂದಿನ ಮಳೆಯವರೆಗೆ ಊರಿನಲ್ಲೂ ಅದು ಅಲ್ಲೇ. ಅವರ ಕಣ್ಣಿಗೆ ಯಾವ ಬಣ್ಣ ಕಂಡಿತೋ ವರ್ಷವಿಡೀ ನಮ್ಮೆಲ್ಲರಿಗೂ ಅದೇ ಬಣ್ಣ. ಬಿಟ್ಟುಹೋದದ್ದು ಹೋಯಿತು.

ಅಜ್ಜಿಯ ಕತೆಗಳೆಲ್ಲ ಹಿಂದಿನ ಕಾಲದ ದಡ ಬರೆಯುವವರವು. ಕಾಗೆ ಕಂಡರಾಗದ ಒಬ್ಬ ಮುದುಕ ಕಾಗೆಗಳನ್ನು ಬಿಟ್ಟು ಬರೆದನಂತೆ. ಆ ವರ್ಷ ತಿಥಿ ಮಾಡಿದವರು ಪಿಂಡವನ್ನು ಬುತ್ತಿಯಂತೆ ಕಟ್ಟಿಕೊಂಡು ಪಕ್ಕದೂರಿಗೆ ಹೋಗಿ, ಅಲ್ಲಿಯ ಕಾಗೆಗಳ ಕಾಲು ಹಿಡಿಯಬೇಕಾಯಿತಂತೆ. ಹೊಸದಾಗಿ ಮದುವೆಯಾದ ಇನ್ನೊಬ್ಬ ಕಡಲನ್ನೇ ಗುಲಾಬಿ ಬಣ್ಣಕ್ಕೆ ಬರೆದುಬಿಟ್ಟ. ನೀರು ಯಾವುದು ಸಿಗಡಿ ಯಾವುದು ತಿಳಿಯದೆ ಬಲೆಯವರು ವರ್ಷವಿಡೀ ಅವನ ಹೆಂಡತಿಗೆ ಬೈದರಂತೆ. ಬಡಗುದಡವನ್ನು ಈಗಲೂ ಬರೆಯುವವರು ಶಾಲೆಯಲ್ಲಿ ಡ್ರಾಯಿಂಗ್ ಕಲಿಸುವ ಪಾಸ್ಕಲ್ ಮಾಸ್ತರರು. ಅವರದ್ದು ಸ್ಕೇಲು ಹಿಡಿದ ಕೈ. ಅವರ ಕಡೆ ಅಲೆಗಳು ಕಾಪಿ ಪುಸ್ತಕದ ಗೆರೆಗಳಂತೆ ಸಾಲಾಗಿ ಬರುತ್ತವೆ, ತೆಂಗಿನ ಮರಗಳು ಪ್ರಾರ್ಥನೆಗೆ ನಿಂತ ಮಕ್ಕಳಂತೆ ನೆಟ್ಟಗಿರುತ್ತವೆ. ಬಡಗುದಡದಿಂದ ಮದುವೆಯಾಗಿ ಈ ಕಡೆ ಬಂದ ಹೆಣ್ಣುಮಕ್ಕಳಿಗೆ ಮೊದಲ ತಿಂಗಳು ತಲೆ ಸುತ್ತುವುದುಂಟು. "ನಿಮ್ಮ ಅಜ್ಜಿಯ ಅಲೆಗೆ ಶಿಸ್ತೇ ಇಲ್ಲ ಮಾರಾಯ್ತಿ," ಎಂದು ಮಾಸ್ತರರು ನನ್ನನ್ನು ಕಂಡಾಗಲೆಲ್ಲ ನಗುತ್ತಿದ್ದರು.

ಬರೆಯುವ ದಿನ ಹತ್ತಿರ ಬಂದರೆ ನಮ್ಮ ಅಂಗಳದಲ್ಲಿ ಜನ. ಬಾವಿಕಟ್ಟೆ ಬಿಡಬೇಡ, ಹಲಸಿನ ಗಿಡ ಈ ಸಲ ಆಳೆತ್ತರ ಆಗಿದೆ, ಚಿಕ್ಕದು ಮಾಡಬೇಡ ಎಂದು ನೆನಪು ಮಾಡಿ ಹೋಗುವವರು. ಪಕ್ಕದ ಮನೆಯ ಗುಲಾಬಕ್ಕ ಮೀನು ಒಣಗಿಸುವವಳು. ಅವಳ ಅಹವಾಲು ಪ್ರತಿ ವರ್ಷ ಒಂದೇ.

"ಶೇವಂತಕ್ಕಾ, ನನ್ನ ಅಂಗಳ ಒಂದು ಮೊಳ ಅಗಲ ಬರೆದ್ರೆ ನಿಂಗೆ ಎಂತ ಹೋಗ್ತದೆ? ಒಂದೇ ಮೊಳ!"

"ಅಗಲ ಬೇಕಾದ್ರೆ ಅಂಗಳ ಅಗೆ. ಕುಂಚದಲ್ಲಿ ಅಗೆಯೋದಲ್ಲ," ಎನ್ನುತ್ತಿದ್ದಳು ಅಜ್ಜಿ. ಇದ್ದದ್ದನ್ನು ಬಿಡಬಾರದು, ಇಲ್ಲದ್ದನ್ನು ಸೇರಿಸಬಾರದು. ಅವಳ ವಿದ್ಯೆಯೆಲ್ಲ ಇಷ್ಟೇ. ನನಗೆ ಕುಂಚ ತೊಳೆಯಲು ಕಲಿಸುವಾಗಲೂ, ಹಿತ್ತಲಿನ ಕಡೆಯ ಹಿನ್ನೀರನ್ನು ಬರೆಯಲು ಬಿಟ್ಟಾಗಲೂ ಅವಳು ಹೇಳಿಕೊಟ್ಟದ್ದು ಇದನ್ನೇ.

ನಾಲ್ಕು ವರ್ಷದ ಕೆಳಗೆ ಅಜ್ಜಿಯ ಕಣ್ಣಿಗೆ ಪೊರೆ ಬರತೊಡಗಿತು. ಅವಳು ಯಾರಿಗೂ ಹೇಳಲಿಲ್ಲ, ಊರಿಗೇ ಗೊತ್ತಾಯಿತು. ಮೊದಲ ವರ್ಷ ಎಲ್ಲ ಅರಿಸಿನ ಹಚ್ಚಿದ ಹಾಗಾಯಿತು. ಮದುವೆ ಮನೆಯವರಿಗೆ ಖುಷಿ, ಬಿಳಿ ಪಂಚೆ ಉಡುವವರಿಗೆ ಬೇಸರ. ಎರಡನೆಯ ವರ್ಷ ಅಂಚುಗಳು ಕರಗಿದವು. ಹೊಸ್ತಿಲು ಎಲ್ಲಿ ಮುಗಿದು ಅಂಗಳ ಎಲ್ಲಿ ಶುರುವಾಗುತ್ತದೆ ತಿಳಿಯದೆ ಜನ ಎಡವಿದರು. ಹೆಂಗಸರು ಬಾಗಿಲಿಗೆ ಕೆಂಪು ಬಟ್ಟೆ ಕಟ್ಟಿದರು, ಮೆಟ್ಟಿಲಿಗೆ ಸುಣ್ಣ ಬಳಿದರು. ಸುಣ್ಣವೂ ನಾಲ್ಕು ದಿನದಲ್ಲಿ ಹಳದಿಯಾಯಿತು. ದೂರದಿಂದ ಬರುವವರನ್ನು ನಡಿಗೆಯಿಂದ ಗುರುತಿಸುವುದನ್ನು ಊರು ಕಲಿತುಕೊಂಡಿತು. ಯಾರೂ ಅಜ್ಜಿಗೆ ಒಂದು ಮಾತು ಹೇಳಲಿಲ್ಲ. ಅವಳೆದುರು ಎಡವಿದವರು ಕಾಲಿಗೆ ಜೋಮು ಹಿಡಿದಿದೆ ಎಂದರು. ತಾಲೂಕಿನ ಕಣ್ಣಿನ ಡಾಕ್ಟರು ನನ್ನನ್ನು ಹೊರಗೆ ಕರೆದು, ಪೊರೆ ತೆಗೆಯಬಹುದು, ಆದರೆ ಹಿಂದಿನ ನರ ಒಣಗಿದೆ, ತೆಗೆದರೂ ಪ್ರಯೋಜನವಿಲ್ಲ, ಹೆಚ್ಚೆಂದರೆ ಇನ್ನೊಂದು ವರ್ಷ ಬಣ್ಣ ಕಾಣಬಹುದು ಎಂದರು. ಅದನ್ನು ನಾನೂ ಅಜ್ಜಿಗೆ ಹೇಳಲಿಲ್ಲ.

ಈ ಸಲ ಮಳೆ ಹಿಂದೆಗೆಯುವ ಹೊತ್ತಿಗೆ ತಾಂಡೇಲ ಜಟ್ಟಪ್ಪ ಮಾವ ನಮ್ಮ ಮನೆಗೆ ಬಂದ. ಊರಿನ ದೋಣಿಗಳನ್ನೆಲ್ಲ ನಡೆಸುವವನು ಅವನು. ಕೈಯಲ್ಲಿ ತೋಳುದ್ದದ ಮೀನು.

"ಶೇವಂತಿ ಅತ್ತೆ, ಇಸ್ವಾಣ ತಂದೆ."

"ಇಸ್ವಾಣವಾ? ಯಾರ ಮದುವೆ?"

"ಮದುವೆ ಎಂತದೂ ಇಲ್ಲ. ಹಾಗೇ."

"ಜಟ್ಟಪ್ಪ, ನಿನ್ನ ಅಪ್ಪ ಜನ್ಮದಲ್ಲಿ ನಂಗೊಂದು ಬಂಗಡೆ ಕೊಟ್ಟವನಲ್ಲ. ನೀನು ಇಸ್ವಾಣ ಹಿಡ್ಕೊಂಡು ಬಂದಿದ್ದೀ ಅಂದ್ರೆ ಅದರ ಹೊಟ್ಟೆಯಲ್ಲಿ ಮಾತು ಉಂಟು. ಮೊದಲು ಅದನ್ನ ಹೊರಗೆ ಹಾಕು, ಆಮೇಲೆ ಮೀನು ಕೊಯ್ಯುವ."

ಜಟ್ಟಪ್ಪ ಮಾವ ಮೀನನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದ. "ನಮ್ಮ ಈರನ ಕಾಲು ಇನ್ನೂ ಸಮ ಆಗ್ಲಿಲ್ಲ," ಎಂದ. ಈರ ಅವನ ತಮ್ಮ.

"ತೆಂಗಿನ ಮರದಿಂದ ಬಿದ್ದ ಅಂದ್ರಲ್ಲ. ಮರದಿಂದ ಬಿದ್ದ ಕಾಲು ಬೇಗ ಸಮ ಆಗ್ತದಾ?"

"ಮರದಿಂದ ಬಿದ್ದದ್ದಲ್ಲ ಅತ್ತೆ. ದೋಣಿ ಆಮೆಕಲ್ಲಿಗೆ ಹೊಡೀತು."

ಅಜ್ಜಿ ಎಲೆಗೆ ಸುಣ್ಣ ಹಚ್ಚುತ್ತಿದ್ದ ಬೆರಳನ್ನು ಹಾಗೇ ನಿಲ್ಲಿಸಿದಳು. ಹೊಳೆಬಾಯಿಯ ಆಚೆ ನೀರಿನಿಂದ ಬೆನ್ನು ಮಾತ್ರ ಹೊರಗೆ ಹಾಕಿ ಕೂತ ಬಂಡೆ ಆಮೆಕಲ್ಲು. ಹುಟ್ಟಿದ ಮಕ್ಕಳಿಗೂ ಗೊತ್ತಿರುವ ಬಂಡೆ ಅದು.

"ಕಲ್ಲು ನಾನು ಬರೆದಿದ್ದೆ," ಎಂದಳು.

"ಬರೆದಿದ್ರಿ ಅತ್ತೆ. ನೀರಿನ ಬಣ್ಣಕ್ಕೇ ಬರೆದಿದ್ರಿ."

ಮೀನಿನ ಬಾಯಿಂದ ನೀರು ತೊಟ್ಟಿಕ್ಕುವುದು ಕೇಳುತ್ತಿತ್ತು. ಆಮೇಲೆ ಅಜ್ಜಿ ಎಲೆಯನ್ನು ಮಡಿಸಿ ಬಾಯಿಗಿಟ್ಟುಕೊಂಡು, ನಾನು ಇದ್ದೇನೆಂದು ಅವಳು ತಿಳಿದಿದ್ದ ಕಡೆ ತಿರುಗಿದಳು. "ಕುಸುಮಾ, ಆ ಮೀನು ತಕೊ. ಈ ವರ್ಷ ದಡ ನೀನೇ ಬರೀಬೇಕು." ಅದಾದ ಮೇಲೆ ಜಟ್ಟಪ್ಪ ಮಾವನಿಗೆ, "ನೀನು ಮಾತು ಹೊಟ್ಟೆಯಲ್ಲಿ ಇಟ್ಕೊಂಡದ್ದು ಹೆಚ್ಚಾಯ್ತು ಮಾರಾಯ. ಮೀನಿಗಿಂತ ಮುಂಚೆ ಅದು ಹಳಸಿತ್ತು," ಎಂದಳು.

ಕುಂಚ ನನ್ನ ಕೈಗೆ ಬಂತು. ಬಂಡೆಗೆ ಅಂಚು ಕೊಡುವುದು, ಹೊಸ್ತಿಲನ್ನು ಹೊಸ್ತಿಲಾಗಿ ಬರೆಯುವುದು ನನ್ನ ಕೈಲಾಗದ ಕೆಲಸವೇನೂ ಆಗಿರಲಿಲ್ಲ. ಆದರೆ ನನ್ನ ಮನಸ್ಸಿನಲ್ಲಿದ್ದದ್ದು ಬೇರೆ. ಅಜ್ಜಿಗೆ ಬಣ್ಣ ಕಾಣುವುದು ಇನ್ನೊಂದೇ ವರ್ಷ. ಆ ಒಂದು ವರ್ಷ ಅವಳು ನನ್ನ ಎಳಸು ಕೈಯ ಬೆಳಕಿನಲ್ಲಿ ಏಕೆ ಕಳೆಯಬೇಕು? ಅವಳದೇ ಬೆಳಕನ್ನು, ನನಗೆ ಆರು ವರ್ಷವಾಗಿದ್ದಾಗಿನ ಆ ಜೇನನ್ನು, ಅವಳ ಕಣ್ಣು ಆರುವ ಮುಂಚೆ ಒಮ್ಮೆ ವಾಪಸು ತಂದುಕೊಡಬೇಕು. ಜಾಗಗಳನ್ನು ಇದ್ದ ಹಾಗೆ ಬರೆದು ಬೆಳಕನ್ನು ಮಾತ್ರ ಹಳೆಯದು ಹಾಕಿದರೆ ಯಾರಿಗೆ ನಷ್ಟ?

ಪ್ರತಿ ವರ್ಷದ ಚಿತ್ರವೂ ದೋಣಿಮನೆಯ ಗೋಡೆಗೆ ಹೋಗುತ್ತದೆ. ಜೇನಿನ ಬೆಳಕಿನ ಆ ವರ್ಷದ್ದೊಂದು ಮಾತ್ರ ನಮ್ಮ ಒಳಕೋಣೆಯ ಪೆಟಾರಿಯಲ್ಲಿ, ಅಜ್ಜಿಯ ಹಳೆಯ ಸೀರೆಯಲ್ಲಿ ಸುತ್ತಿಟ್ಟಿತ್ತು. ಚಿಕ್ಕವಳಿದ್ದಾಗ ಕದ್ದು ಕದ್ದು ನೋಡಿದ್ದೆ. ಕಡಲು ಆಕಾಶಕ್ಕೆ ತಾಗುವ ಗೆರೆಯ ಮೇಲೆ ಕುಂಚದ ತುದಿ ತಾಕಿಸಿ ಎತ್ತಿದಂತೆ, ಅಕ್ಕಿಕಾಳಿನಷ್ಟು ಬಿಳಿಯ ಒಂದು ತಾಕು ಇತ್ತು. ಇದೆಂತದಜ್ಜಿ ಎಂದು ಒಮ್ಮೆ ಕೇಳಿದಾಗ, "ಬಿಸಿಲಿನ ಚೂರು," ಎಂದು ಚಿತ್ರ ಕಸಿದುಕೊಂಡು ಮತ್ತೆ ಸುತ್ತಿಟ್ಟಿದ್ದಳು. ಈಗ ಮಳೆಯ ಕೊನೆಯ ದಿನಗಳಲ್ಲಿ ಅಜ್ಜಿ ಮಲಗಿದಾಗ ಅದನ್ನು ತೆಗೆದು ಮುಂದಿಟ್ಟುಕೊಂಡು ಬಣ್ಣ ಬೆರೆಸಿದೆ. ನೆರಳಿಗೆ ಎಷ್ಟು ನೇರಳೆ, ಮರಳಿಗೆ ಎಷ್ಟು ಹಳದಿ ಎಂದು ಹದ ನೋಡಿ ತಗಡಿನ ಡಬ್ಬಿಗಳಲ್ಲಿ ಮುಚ್ಚಿಟ್ಟೆ. ಕಣ್ಣು ಮುಚ್ಚಿದರೂ ಬರೆಯಬಲ್ಲೆ ಎನ್ನುವಷ್ಟು ಅದನ್ನು ಬಾಯಿಪಾಠ ಮಾಡಿದೆ, ಬಿಸಿಲಿನ ಚೂರಿನ ಸಮೇತ.

ಆ ದಿನ ಬಂತು. ಬೆಳಿಗ್ಗೆಯೇ ಆಕಾಶ ತೊಳೆದಿಟ್ಟ ತಾಟಿನಂತಿತ್ತು. ದೋಣಿಗಳನ್ನೆಲ್ಲ ಮರಳಿನ ಮೇಲೆ ಎಳೆದಿದ್ದರು. ಬರೆಯುವ ದಿನ ಒಂದೂ ದೋಣಿ ನೀರಿನಲ್ಲಿರಬಾರದೆಂಬುದು ನಾನು ಬಲ್ಲ ಕಾಲದಿಂದಲೂ ನಡೆದುಬಂದದ್ದು. ಯಾಕೆಂದು ಕೇಳುವ ಯೋಚನೆ ನನಗೆ ಬಂದದ್ದೇ ಇಲ್ಲ. ಜಟ್ಟಪ್ಪ ಮಾವ ಎರಡು ಸಲ ಎಣಿಸಿ, "ಇಪ್ಪತ್ಮೂರು! ಎಲ್ಲಾ ದಡದಲ್ಲಿ!" ಎಂದು ಕೂಗಿದ. ಅಜ್ಜಿ ನನ್ನ ಪಕ್ಕ ಚಾಪೆಯ ಮೇಲೆ, ಕೊಡೆಯ ಕೆಳಗೆ ಕೂತಳು. ಹಿಂದೆ ಅರ್ಧ ಊರು ನಿಂತಿತು.

"ತಂಗಿ, ಆಮೆಕಲ್ಲಿಗೆ ಒಂದು ಅಂಚು ಕೊಡು," ಎಂದ ಜಟ್ಟಪ್ಪ ಮಾವ. "ಬೇಕಾದ್ರೆ ಎರಡು ಅಂಚು ಕೊಡು."

"ನನ್ನ ಅಂಗಳ..." ಎಂದು ಗುಲಾಬಕ್ಕ ಬಾಯಿ ತೆರೆದಳು.

"ಅಗೆದ್ಯಾ?" ಎಂದಳು ಅಜ್ಜಿ. ಎಲ್ಲರೂ ನಕ್ಕರು.

ಮಧ್ಯಾಹ್ನದವರೆಗೆ ಜಾಗಗಳನ್ನು ಬರೆದೆ. ಬಂಡೆಗೆ ಬೆನ್ನು ಬಂತು, ಮನೆಗಳಿಗೆ ಮೂಲೆ ಬಂತು. ಹಿಂದೆ ನಿಂತವರು ತಮ್ಮ ತಮ್ಮ ಮೆಟ್ಟಿಲು ಹತ್ತಿ ಇಳಿದು ನೋಡಿ ಬಂದರು. ಊಟವಾದ ಮೇಲೆ ನಾನು ತಗಡಿನ ಡಬ್ಬಿಗಳನ್ನು ತೆರೆದೆ.

ಮೊದಲು ಗೊತ್ತಾದದ್ದು ಗುಲಾಬಕ್ಕನಿಗೆ. "ಅಯ್ಯಯ್ಯ, ನನ್ನ ಕೈ ನೋಡ್ರೇ! ಒಂದು ಸುಕ್ಕಿಲ್ಲ!" ಮರಳು ಬಣ್ಣ ಹಿಡಿಯಿತು. ತೆಂಗಿನ ಗರಿಗಳ ಅಂಚಿಗೆ ಜೇನು ಬಂತು. ದೋಣಿಗಳ ಕೆಳಗೆ ನೇರಳೆ ನೆರಳು ಒಂದೊಂದಾಗಿ ತೆವಳಿ ಬಂದು ಮಲಗಿತು. ಮುದುಕರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಲವತ್ತು ದಾಟಿದವರೆಲ್ಲ ಒಮ್ಮೆಲೇ ಮಾತಾಡತೊಡಗಿದರು, ಯಾರು ಯಾರನ್ನು ಆ ಬೆಳಕಿನಲ್ಲಿ ಹೆಣ್ಣು ನೋಡಲು ಹೋಗಿದ್ದರು, ಯಾವ ಮಗು ಆಗ ಅಂಬೆಗಾಲಿಡುತ್ತಿತ್ತು ಎಂದು. ಯಾರೋ ಮೂಗು ಒರೆಸಿಕೊಂಡದ್ದು ಕೇಳಿತು. ನಾನು ಮತ್ತೆ ಆರು ವರ್ಷದವಳಾಗಿದ್ದೆ. ಕುಂಚ ಹಿಡಿದ ನನ್ನ ಕೈಯ ನೆರಳಿಗೆ ನಾಲಿಗೆ ಚಾಚಬೇಕೆನಿಸಿತು.

ಅಜ್ಜಿ ಕೊಡೆ ಸರಿಸಿ ಅಂಗೈಯನ್ನು ಬಿಸಿಲಿಗೆ ಹಿಡಿದಳು. ಕಣ್ಣಿಗೆ ಹತ್ತಿರ ತಂದು, ದೂರ ಮಾಡಿ, ಮತ್ತೆ ಹತ್ತಿರ ತಂದಳು. "ಇದು ನನ್ನದು," ಎಂದಳು. ಆಮೇಲೆ ಅವಳ ದನಿ ಬದಲಾಯಿತು. "ಮಗಾ, ಯಾವ ವರ್ಷದ್ದು ತೆಗ್ದೆ?"

ನಾನು ಹೆಮ್ಮೆಯಲ್ಲಿದ್ದೆ. ಇನ್ನೊಂದೇ ತಾಕು ಬಾಕಿ ಇತ್ತು. ಕುಂಚದ ತುದಿಯಲ್ಲಿ ಬಿಳಿಯ ಬಣ್ಣ ತೆಗೆದು ಕಡಲಿನ ಗೆರೆಯ ಮೇಲೆ ಬಿಸಿಲಿನ ಚೂರನ್ನು ಇಟ್ಟೆ.

ಹಿಂದಿನ ಮಾತೆಲ್ಲ ನಿಂತಿತು. ಎಷ್ಟು ಥಟ್ಟನೆ ನಿಂತಿತೆಂದರೆ ನಾನು ತಿರುಗಿ ನೋಡಿದೆ. ಜಟ್ಟಪ್ಪ ಮಾವ ತಲೆಗೆ ಸುತ್ತಿದ್ದ ಪಂಜಿಯನ್ನು ಬಿಚ್ಚಿ ಕೈಯಲ್ಲಿ ಹಿಡಿದಿದ್ದ. ಗುಲಾಬಕ್ಕ ಸುಕ್ಕಿಲ್ಲದ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದಳು. ಎಲ್ಲರೂ ಕಡಲು ನೋಡುತ್ತಿದ್ದರು, ಯಾರೂ ಬೆರಳು ತೋರಿಸಲಿಲ್ಲ. ನಾನೂ ನೋಡಿದೆ. ದೂರದಲ್ಲಿ, ನೀರು ಮುಗಿಯುವಲ್ಲಿ, ಬಿಳಿಯ ಹಾಯಿಯ ಒಂದು ದೋಣಿ ನಿಂತಿತ್ತು.

"ಯಾಕೆ ಎಲ್ಲ ಸುಮ್ಮನಾದ್ರಿ?" ಎಂದಳು ಅಜ್ಜಿ.

ಜಟ್ಟಪ್ಪ ಮಾವ ಕೈಯಲ್ಲಿದ್ದ ಪಂಜಿಯನ್ನು ಹಿಂಡಿದ.

"ಜಟ್ಟಪ್ಪ, ಮತ್ತೆ ಹೊಟ್ಟೆಯಲ್ಲಿ ಇಟ್ಕೊಳ್ಬೇಡ. ಹೇಳು."

"ಅತ್ತೆ, ಬೊಮ್ಮಯ್ಯ ಮಾವನ ದೋಣಿ." ಬೊಮ್ಮಯ್ಯ ಎಂದರೆ ನನ್ನ ಅಜ್ಜ. ಕಡಲಿಗೆ ಹೋದವನು ಬರಲಿಲ್ಲ ಎಂದಷ್ಟೇ ನನಗೆ ಗೊತ್ತಿತ್ತು.

ಅಜ್ಜಿ ಎರಡೂ ಕೈಗಳನ್ನು ಚಾಪೆಗೆ ಒತ್ತಿ ಹಿಡಿದು ಕೂತಳು. ಆಮೇಲೆ ಮೆಲ್ಲಗೆ, ನನಗೆ ಕತೆ ಹೇಳುತ್ತಿದ್ದ ಅದೇ ಧಾಟಿಯಲ್ಲಿ ಹೇಳಿದಳು. "ಆವತ್ತು ನಸುಕಿಗೇ ಹೋಗಿದ್ರು. ಮಳೆ ಬರ್ತದೆ ಅಂದ್ಕೊಂಡಿದ್ವಿ, ಬಿಸಿಲು ಬಂತು. ನಾನು ಬರೀಲಿಕ್ಕೆ ಕೂತೆ. ಎಲ್ಲಾ ದೋಣಿ ಬಂತು, ಇವರದ್ದು ಮಾತ್ರ ಗಾಳಿ ಇಲ್ದೆ ಅಲ್ಲಿ ನಿಂತಿತ್ತು. ಇದ್ದದ್ದನ್ನ ಬಿಡಬಾರದಲ್ಲ ಮಗಾ? ಇದ್ದಲ್ಲೇ ಬರೆದೆ. ಹೊತ್ತು ಮುಳುಗುವುದರ ಒಳಗೆ ಬಂದುಬಿಡ್ತಾರೆ ಅಂದ್ಕೊಂಡೆ. ನೀರಿನಲ್ಲಿ ಇರೋದೂ ನಿಂತುಹೋಗ್ತದೆ ಅಂತ ಅದುವರೆಗೆ ಯಾರಿಗೂ ಗೊತ್ತಿರ್ಲಿಲ್ಲ."

"ನಲವತ್ತು ಸಲ ಹೋದೆವು," ಎಂದ ಜಟ್ಟಪ್ಪ ಮಾವ ನನಗೆ. "ನಾವು ಹೋದಷ್ಟೂ ಅದು ಅಷ್ಟೇ ದೂರ. ಕೂಗಿದ್ರೆ ಕೇಳ್ತಿರ್ಲಿಲ್ಲ. ಒಂದು ವರ್ಷ. ಮಳೆ ಬಂದ ದಿನ ಎಲ್ಲ ಇಲ್ಲೇ ನಿಂತು ಕಾದೆವು ತಂಗಿ. ಗೆರೆ ಬರಿದಾಯ್ತು, ಅಷ್ಟೇ."

ಆ ವರ್ಷದ ಸಂಜೆಗಳೆಲ್ಲ ನನ್ನೊಳಗೆ ಮಗುಚಿ ಬಿದ್ದವು. ಅಜ್ಜಿ ಕಡಲ ಕಡೆ ಮುಖ ಮಾಡಿ ಹೇಳಿದ ಕಾಗೆಯ ಕತೆ, ಗುಲಾಬಿ ಕಡಲಿನ ಕತೆ. ನಾನು ನಗುತ್ತಿದ್ದೆ. ಅವಳು ಅತ್ತ ನೋಡುತ್ತಿದ್ದಳು. ಗೆರೆಯ ಮೇಲಿನ ಆ ಬಿಳಿ ಚೂರು ನನಗೂ ಕಂಡಿರಬೇಕು, ಅದು ಏನೆಂದು ಯಾರೂ ಹೇಳಿರಲಿಲ್ಲ.

ಸೂರ್ಯ ಇನ್ನೆರಡು ಆಳೆತ್ತರದಲ್ಲಿದ್ದ. ನನಗೆ ಒಂದು ಯೋಚನೆ ಹೊಳೆಯಿತು. "ಅಜ್ಜಿ, ಬಣ್ಣ ಇನ್ನೂ ಹಸಿ ಉಂಟು. ಒರೆಸಿ ಒರೆಸಿ ಹತ್ತಿರ ತರ್ತೇನೆ. ಹೊತ್ತು ಮುಳುಗುವುದರ ಒಳಗೆ ದಡಕ್ಕೇ ತರ್ತೇನೆ. ಅಜ್ಜನ್ನ ಇಳಿಸಿಬಿಡುವ."

ಅಜ್ಜಿ ನನ್ನ ಕಡೆ ತಿರುಗಿದಳು. ಅವಳ ಮುಖದಲ್ಲಿ ಒಂದು ಗಳಿಗೆ ಕಂಡದ್ದನ್ನು ನಾನು ಬರೆಯಲಾರೆ. ಆಮೇಲೆ ಅದು ಹೋಯಿತು.

"ದೂರದ ದೋಣಿಗೆ ಒಂದು ತಾಕು ಸಾಕು," ಎಂದಳು. "ಹತ್ತಿರ ಬಂದ್ರೆ ಒಳಗೆ ಮನುಷ್ಯನ್ನ ಬರೀಬೇಕಾಗ್ತದೆ. ನಿಂಗೆ ಅವರ ಮುಖ ನೆನಪುಂಟಾ?"

ನನಗೆ ನೆನಪಿದ್ದದ್ದು ಬೀಡಿಯ ವಾಸನೆ, ಒರಟು ಅಂಗೈ. "ಇಲ್ಲ," ಎಂದೆ. "ನೀನು ಹೇಳು, ಬರೀತೇನೆ."

"ನಂಗೂ ಈಗ ಸಮ ಬರೋದಿಲ್ಲ ಮಗಾ. ಮೂಗು ಬಂದ್ರೆ ಕಣ್ಣು ಹೋಗ್ತದೆ. ಗೊತ್ತಿಲ್ಲದ ಮುಖ ಬರೆದು ಇಳಿಸಿದ್ರೆ ಇಳಿಯೋದು ಯಾರು?"

"ಹಾಗಾದ್ರೆ ಅಲ್ಲೇ ಇರ್ಲಿ ಬಿಡು ಶೇವಂತಕ್ಕಾ," ಎಂದಳು ಗುಲಾಬಕ್ಕ ಅಳುತ್ತ. "ಕಣ್ಣೆದುರಿಗಾದ್ರೂ ಇರ್ತಾರೆ."

"ಕಣ್ಣೆದುರಿಗೆ, ನಮಗೆ. ಅವರಿಗೆಂತ? ಅನ್ನ ಇಲ್ಲ, ನೀರಿಲ್ಲ, ನಿಂತೇ ಇರೋದು. ಆವತ್ತು ಗೊತ್ತಿಲ್ದೆ ನಿಲ್ಲಿಸಿದೆ. ಇವತ್ತು ಗೊತ್ತಿದ್ದೂ ನಿಲ್ಲಿಸ್ಲಾ?" ಅಜ್ಜಿ ಬಲಗೈ ಚಾಚಿದಳು. "ನಂಗೆ ಜಾಗ ಕಾಣೋದಿಲ್ಲ. ಹೆಬ್ಬೆರಳು ಹಿಡ್ದು ಅಲ್ಲಿ ಇಡು."

ಅವಳ ಹೆಬ್ಬೆರಳು ಹಿಡಿದೆ. ನಲವತ್ತು ವರ್ಷ ಕುಂಚ ಒತ್ತಿ ಒತ್ತಿ ಅದರ ಒಂದು ಬದಿ ಚಪ್ಪಟೆಯಾಗಿತ್ತು. ಚಿತ್ರದ ಹತ್ತಿರ ತಂದು ಗೆರೆಯ ಮೇಲೆ ಇಟ್ಟೆ. ಅವಳು ತಕ್ಷಣ ಒರೆಸಲಿಲ್ಲ. ಬಿಸಿ ಇದೆಯೋ ಎಂದು ಮಗುವಿನ ಹಣೆ ಮುಟ್ಟಿ ನೋಡುವವಳ ಹಾಗೆ ಸ್ವಲ್ಪ ಹೊತ್ತು ಇಟ್ಟುಕೊಂಡಳು. ಆಮೇಲೆ ಒಂದೇ ಸಲ ಎಳೆದಳು. ನಾನು ಚಿತ್ರವನ್ನು ನೋಡುತ್ತಿದ್ದೆ, ಕಡಲನ್ನು ನೋಡುವ ಧೈರ್ಯ ಬರಲಿಲ್ಲ. ಹಿಂದಿನಿಂದ ಜಟ್ಟಪ್ಪ ಮಾವ, "ಹೋಯ್ತು ಅತ್ತೆ," ಎಂದ.

ಬೆಳಕು ಇನ್ನೂ ಜೇನಾಗಿಯೇ ಇತ್ತು. "ಬೆಳಕು ಇರ್ಲಾ ಅಜ್ಜಿ?" ಎಂದು ಕೇಳಿದೆ. ನನ್ನ ದನಿಯಲ್ಲಿ ಬೇಡಿಕೆ ಇತ್ತು, ಅವಳಿಗಾಗಿಯೋ ನನಗಾಗಿಯೋ ಈಗಲೂ ಸರಿಯಾಗಿ ಹೇಳಲಾರೆ.

ಅಜ್ಜಿ ಬಣ್ಣದ ಹೆಬ್ಬೆರಳನ್ನು ಸೆರಗಿಗೆ ಒರೆಸಿಕೊಂಡಳು. "ಆ ವರ್ಷ ಅಷ್ಟು ಚೆಂದ ಯಾಕೆ ಬಂತು ಗೊತ್ತಾ? ಇವರು ಬರೋದನ್ನ ನೋಡ್ತಾ ನೋಡ್ತಾ ಬರೆದೆ. ಈಗ ಬಂದ್ರು, ಈಗ ಬಂದ್ರು ಅಂತ. ಅದು ಬರ್ತಾರೆ ಅನ್ನೋ ಬೆಳಕು ಮಗಾ. ಅದನ್ನ ಇನ್ನೊಂದು ವರ್ಷ ನೋಡೋ ಶಕ್ತಿ ನಂಗಿಲ್ಲ. ಕೆರೆದು ಹಾಕು. ನಿಂಗೆ ಎಂತ ಕಾಣ್ತದೆ ಅದನ್ನ ಬರಿ."

ಚಪ್ಪಟೆ ಚಾಕು ತೆಗೆದು ಜೇನನ್ನೆಲ್ಲ ಕೆರೆದೆ. ಗುಲಾಬಕ್ಕ ತನ್ನ ಕೈಗಳನ್ನು ಸೆರಗಿನೊಳಗೆ ಇಟ್ಟುಕೊಂಡಳು. ಇದ್ದದ್ದು ಅರ್ಧ ಗಂಟೆ. ಎದುರಿಗೆ ಕಂಡ ಆಕಾಶವನ್ನು ಕಂಡ ಹಾಗೆ, ಅಕ್ಕಿ ತೊಳೆದ ನೀರಿನ ಬಿಳುಪಿನಲ್ಲಿ ಬರೆದೆ. ನೆರಳುಗಳಿಗೆ ಬೂದಿ ಬಣ್ಣ ಬಂತು, ಅಂಚುಗಳು ಚುರುಕಾದವು. ಪಡುವಣದ ಒಂದು ಮೂಲೆಗೆ ಬಣ್ಣ ಸಾಲದೆ ಕ್ಯಾನ್ವಾಸಿನ ನೂಲು ಕಾಣುತ್ತಿರುವಾಗಲೇ ಹೊತ್ತು ಮುಳುಗಿತು.

ಈಗ ಊರು ನನ್ನ ಬೆಳಕಿನಲ್ಲಿದೆ. ಜನ ಹೊಂದಿಕೊಂಡಿದ್ದಾರೆ. ಬಾಗಿಲಿನ ಕೆಂಪು ಬಟ್ಟೆ ಬಿಚ್ಚಿ ಒಲೆ ಒರೆಸಲು ಇಟ್ಟುಕೊಂಡಿದ್ದಾರೆ. "ನಿನ್ನ ಆಕಾಶಕ್ಕೆ ಒಂದು ತೇಪೆ ಹಾಕೇ," ಎಂದು ಮಕ್ಕಳೂ ತಮಾಷೆ ಮಾಡುತ್ತಾರೆ. ಪಾಸ್ಕಲ್ ಮಾಸ್ತರರು ಬಂದು ನೋಡಿ, "ಅಂತೂ ನಿಮ್ಮ ಮನೆಯಲ್ಲಿ ಒಂದು ನೆಟ್ಟಗಿನ ಗೆರೆ ಹುಟ್ಟಿತಲ್ಲ," ಎಂದರು. ಚೆಂದವಾಗಿದೆ ಎಂದು ಯಾರೂ ಹೇಳಲಿಲ್ಲ, ನನಗೂ ಹಾಗೆ ಅನಿಸುವುದಿಲ್ಲ. ಕೆಲವು ಸಂಜೆ ಆ ಜೇನು ನೆನಪಾಗುತ್ತದೆ. ಅದು ಎಂಥ ಬೆಳಕೆಂದು ಗೊತ್ತಾದ ಮೇಲೂ ಅದೇ ಬೇಕೆನಿಸುತ್ತದೆ.

ದಡ ಬರೆದ ಮೂರನೆಯ ದಿನ ದೋಣಿಗಳು ನೀರಿಗಿಳಿದವು. ಮಧ್ಯಾಹ್ನ ಜಟ್ಟಪ್ಪ ಮಾವ ಸೀದಾ ನಮ್ಮ ಅಂಗಳಕ್ಕೆ ಬಂದ. ಮೈಯೆಲ್ಲ ಉಪ್ಪು, ಕೈಯಲ್ಲಿ ಏನೂ ಇಲ್ಲ. ಅಜ್ಜಿ ಜಗಲಿಯಲ್ಲಿ ಕೂತಿದ್ದಳು.

"ಅತ್ತೆ, ಆ ಜಾಗಕ್ಕೆ ಹೋಗಿದ್ದೆ," ಎಂದ.

ಅಜ್ಜಿಯ ಕತ್ತು ನೆಟ್ಟಗಾಯಿತು. "ದೋಣಿ ಅಲ್ಲಿಗೆ ಮುಟ್ತಾ?"

"ಮುಟ್ಟಿತು. ಇಂಜಿನ್ ಬಂದ್ ಮಾಡಿ ಒಂದು ಗಳಿಗೆ ನಿಂತೆ."

"ಎಂತ ಉಂಟು ಅಲ್ಲಿ?"

"ನೀರು. ಹದಿನಾಲ್ಕು ಮಾರು ಆಳ. ತಳದಲ್ಲಿ ಕೆಸರು."

ಅಜ್ಜಿ ತಲೆಯಾಡಿಸಿದಳು. ಆಮೇಲೆ ಕೇಳಿದಳು, "ತಿರುಗಿ ನೋಡಿದ್ಯಾ? ಅಲ್ಲಿ ನಿಂತವರಿಗೆ ಈ ಕಡೆ ಎಂತಾದ್ರೂ ಕಾಣ್ತದಾ?"

"ಕಾಣ್ತದೆ ಅತ್ತೆ, ಎಲ್ಲಾ ಕಾಣ್ತದೆ. ನಿಮ್ಮ ಅಂಗಳ ಕಾಣ್ತು. ಯಾರೋ ಬಟ್ಟೆ ಒಣಗಲಿಕ್ಕೆ ಹಾಕ್ತಿದ್ರು, ಅದೂ ಕಾಣ್ತು."

"ನಾನೇ ಅದು," ಎಂದಳು ಅಜ್ಜಿ. "ಎಂತ ಸೀರೆ ಉಟ್ಟಿದ್ದೆ ಅಂತ ಗೊತ್ತಾಯ್ತಾ?"

"ನೀಲಿ."

"ಹೌದು," ಎಂದಳು ಅಜ್ಜಿ. "ನೀಲಿಯೇ."